ಅಗ್ಗದ ವಿಮಾನ ಮತ್ತು ಬಜ್ಪೆಯ ಗುಡ್ಡ

ಕಾಫಿ ಬೀಜ ಅರಬ್ ದೇಶದಿಂದ ನಮ್ಮ ಬೆಟ್ಟಕ್ಕೆ ಬಂದ ಕಥೆಯನ್ನು ತರಗತಿಯಲ್ಲಿ ಕೇಳದ ವಿದ್ಯಾರ್ಥಿ ನಿಮ್ಮಲ್ಲಿ ಯಾರೂ ಇರಲಾರರು. ಬಾಬಾಬುಡನ್ ಅವರು ಯೆಮನ್ನಿನ ಮೋಖಾದಿಂದ ಏಳು ಬೀಜ ತಂದರೆಂಬುದು ಐತಿಹ್ಯ. ಅದೇ ದಿಕ್ಕಿಗೆ ಮೂಡಿಗೆರೆ, ಕಳಸದ ಕಡೆಯಿಂದ ದುಡಿಮೆಗೆಂದು ಹೊರಟವರ ಕಥೆ ಮಾತ್ರ ಯಾವ ಪಠ್ಯದಲ್ಲಿಯೂ ಇರಲಿಲ್ಲ.

ಬಜ್ಪೆಯಲ್ಲಿ ವಿಮಾನ ನಿಲ್ದಾಣವಾದದ್ದು 1951ರಲ್ಲಿ. ಆದರೆ ಅಲ್ಲಿಂದ ನೇರವಾಗಿ ಹೊರದೇಶಕ್ಕೆ ಹೋಗಲು ಮುಂದಿನ ಐವತ್ತೈದು ವರ್ಷ ಕಾಯಬೇಕಾಯಿತು. ಕೊಲ್ಲಿಗೆ ಹೋಗುವವನು ಘಟ್ಟ ಇಳಿದು, ಮಂಗಳೂರಿನಲ್ಲಿ ಮುಂಬಯಿ ಬಸ್ಸು ಹಿಡಿಯುತ್ತಿದ್ದನು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾದ ಮೇಲೆ ರೈಲು. ಮುಂಬಯಿಯಲ್ಲಿ ಪರಿಚಯದವರ ಕೋಣೆ, ಏಜೆಂಟನ ಬಾಗಿಲು, ನಂತರ ವಿಮಾನ. ಟಿಕೆಟ್ಟಿನ ಬೆಲೆಗಿಂತ ಈ ದಾರಿಯ ಅಲೆದಾಟವೇ ಹೆಚ್ಚಿನ ಹೊರೆ. 2006ರ ಅಕ್ಟೋಬರ್ 3ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಬಜ್ಪೆಗೂ ದುಬೈಗೂ ನೇರ ಸಂಚಾರ ತೊಡಗಿತು. ಹಿಂದಿನ ವರ್ಷವಷ್ಟೇ ಕೇರಳದಿಂದ ಕೊಲ್ಲಿಗೆ ಹಾರಾಟ ಆರಂಭಿಸಿದ್ದ, ಸರ್ಕಾರಿ ಏರ್ ಇಂಡಿಯಾದ್ದೇ ಆದ ಅಗ್ಗದ ಸಂಸ್ಥೆ ಅದು. ಬೆಳಿಗ್ಗೆ ಕೊಟ್ಟಿಗೆಹಾರ ದಾಟಿದವನು ರಾತ್ರಿ ಊಟಕ್ಕೆ ದುಬೈಯಲ್ಲಿರಬಹುದಾಯಿತು.

ಅಗ್ಗ ಹೇಗೆ ಸಾಧ್ಯ? ಇದು ಹಲವರು ಕೇಳುವ ಪ್ರಶ್ನೆ. ಇಂಗ್ಲೆಂಡಿನ ಫ್ರೆಡ್ಡಿ ಲೇಕರ್ ಎಂಬಾತ 1977ರಲ್ಲಿ ಲಂಡನ್ನಿನಿಂದ ನ್ಯೂಯಾರ್ಕಿಗೆ 59 ಪೌಂಡಿಗೆ ಟಿಕೆಟ್ ಮಾರಿದನು. ಮುಂಗಡ ಕಾಯ್ದಿರಿಸುವಿಕೆ ಇಲ್ಲ, ಸಾಲಿನಲ್ಲಿ ನಿಂತವನಿಗೆ ಸ್ಥಾನ, ಊಟಕ್ಕೆ ಬೇರೆ ಹಣ. ಜನ ಮುಗಿಬಿದ್ದರು. 1982ರ ಫೆಬ್ರವರಿಯಲ್ಲಿ ಸಂಸ್ಥೆ ದಿವಾಳಿಯಾಯಿತು. ಟಿಕೆಟ್ ಕೈಯಲ್ಲಿದ್ದ ಸಾವಿರಾರು ಜನ ಅಲ್ಲಲ್ಲೇ ಉಳಿದರು. ಆದರೆ ಅವನ ಲೆಕ್ಕಾಚಾರ ಉಳಿಯಿತು: ಆಸನವೊಂದನ್ನು ಮಾತ್ರ ಮಾರು, ಉಳಿದುದನ್ನೆಲ್ಲ ಬಿಡಿಬಿಡಿಯಾಗಿ ಮಾರು. ಅದರ ಜೊತೆಗೆ ಅಮೆರಿಕದ ಸೌತ್‌ವೆಸ್ಟ್ ಕಂಪನಿಯ ಪಾಠ ಸೇರಿತು: ಒಂದೇ ಮಾದರಿಯ ವಿಮಾನವಿಟ್ಟುಕೊಳ್ಳಬೇಕು, ಅದು ನೆಲದಲ್ಲಿ ನಿಂತಿರುವ ಹೊತ್ತನ್ನು ಕಡಿಮೆ ಮಾಡಬೇಕು.

ಈ ಪಾಠವನ್ನು ನಮ್ಮ ನಾಡಿಗೆ ತಂದವರು ನೆರೆಯ ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ, ಜಾವಗಲ್ ಬಳಿ ಜಮೀನು ಮಾಡಿದ ಕ್ಯಾಪ್ಟನ್ ಗೋಪಿನಾಥ್. 2003ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿದ ಏರ್ ಡೆಕ್ಕನ್, ಆರ್. ಕೆ. ಲಕ್ಷ್ಮಣರ 'ಶ್ರೀಸಾಮಾನ್ಯ'ನನ್ನೇ ತನ್ನ ಲಾಂಛನವಾಗಿ ಇಟ್ಟುಕೊಂಡಿತ್ತು. ಹೊರದೇಶಕ್ಕೆ ಹಾರಲು ಮಾತ್ರ ಅದಕ್ಕೆ ಅಡ್ಡಿಯಿತ್ತು. ಐದು ವರ್ಷ ದೇಶದೊಳಗೆ ಹಾರಾಡಿರಬೇಕು, 20 ವಿಮಾನಗಳಿರಬೇಕು ಎಂಬ ನಿಯಮವನ್ನು ಕೇಂದ್ರ ಸರ್ಕಾರ 2004ರಲ್ಲಿ ತಂದಿತ್ತು. ಡೆಕ್ಕನ್‌ಗೆ ಐದು ತುಂಬುವಷ್ಟರಲ್ಲಿ ಅದು ಕಿಂಗ್‌ಫಿಷರ್ ಪಾಲಾಗಿತ್ತು. ಆ ವಯಸ್ಸಿನ ಬಲದಿಂದ 2008ರ ಸೆಪ್ಟೆಂಬರ್‌ನಲ್ಲಿ ಕಿಂಗ್‌ಫಿಷರ್ ಬೆಂಗಳೂರಿನಿಂದ ಲಂಡನ್ನಿಗೆ ಹಾರಿತು. ಶ್ರೀಸಾಮಾನ್ಯನು ಕೂಡಿಟ್ಟ ಅರ್ಹತೆಯಲ್ಲಿ ವಿದೇಶಕ್ಕೆ ಹೊರಟದ್ದು ಶ್ರೀಮಂತರ ವಿಮಾನ! 2012ರಲ್ಲಿ ಅದೂ ನಿಂತಿತು. ಐದು ವರ್ಷದ ನಿಯಮ 2016ರಲ್ಲಿ ಹೋಯಿತು.

ಹೀಗೆ ಬಿಡಿಸಿ ಮಾರುವ ಪದ್ಧತಿ ತಿಳಿದರೆ ಉಳಿದ ಎಚ್ಚರಿಕೆಗಳು ತಾವಾಗಿಯೇ ಹೊಳೆಯುತ್ತವೆ. ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ. ದೊಡ್ಡ ಲಗೇಜು ಎಷ್ಟೆಂಬುದನ್ನು ಟಿಕೆಟ್ಟಿನಲ್ಲಿಯೇ ಓದಿಕೊಳ್ಳಬೇಕು. ಹೆಚ್ಚು ಬೇಕಿದ್ದರೆ ಮೊದಲೇ ಕೊಳ್ಳುವುದು ಲೇಸು, ಕೌಂಟರಿನಲ್ಲಿ ದರ ಬಹಳ ಹೆಚ್ಚು. ಅಮ್ಮ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿ ಹೋಗದು. ಒಣಕೊಬ್ಬರಿಯನ್ನಂತೂ ಬೆಂಕಿ ಹಿಡಿಯುವ ವಸ್ತುವೆಂದು ತೆಗೆದಿಡಿಸುತ್ತಾರೆ. ಕಾಫಿಪುಡಿಗೆ ಅಡ್ಡಿಯಿಲ್ಲ, ದೊಡ್ಡ ಲಗೇಜಿನಲ್ಲಿರಲಿ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಚಾರ್ಮಾಡಿಯಲ್ಲಿ ಮರ ಬಿದ್ದಿತ್ತೆಂಬ ಕಾರಣ ಅಲ್ಲಿ ನಡೆಯದು. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಆ ಘಟ್ಟವೇ ಮುಚ್ಚಿದ್ದನ್ನು ನೆನಪಿಟ್ಟು, ಮಳೆಗಾಲದಲ್ಲಿ ಹಿಂದಿನ ದಿನವೇ ಇಳಿಯುವುದು ಮೇಲು. ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿ ನಡುವೆ ವಿಮಾನ ಬದಲಿಸುವವರೂ ಗಮನಿಸಬೇಕು: ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಹೊಣೆ ಪ್ರಯಾಣಿಕನದೇ.

ಇನ್ನೊಂದು ಮಾತು, ಮೇಷ್ಟರಾಗಿ. ಹತ್ತನೆಯ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ 'ಇಸಿಆರ್' ವರ್ಗದ್ದು. ಅಂಥವರು ಕೊಲ್ಲಿಗೆ ಕೆಲಸಕ್ಕೆ ಹೋಗಲು ಎಮಿಗ್ರೇಷನ್ ಅನುಮತಿ ಪಡೆಯಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಬೆಲೆ ಇಲ್ಲಿ ತಿಳಿಯುತ್ತದೆ.

ಆದರೆ ಅಗ್ಗದ ಟಿಕೆಟ್ಟಿನಿಂದ ಬಿಡಿಸಿ ತೆಗೆಯಲಾಗದ ಸಂಗತಿಗಳೂ ಇವೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಮರಿಗೆ ಉರುಳಿತು. 166 ಜನರಲ್ಲಿ ಬದುಕಿ ಹೊರಬಂದವರು 8 ಮಂದಿ. ಮನೆಗೆ ಮರಳುತ್ತಿದ್ದ ಕರಾವಳಿ, ಕಾಸರಗೋಡಿನ ಎಷ್ಟೋ ಕುಟುಂಬಗಳು ಅಂದು ಬರಿದಾದವು. ಅಗ್ಗದ ವಿಮಾನವಾದ್ದರಿಂದ ಹೀಗಾಯಿತು ಎಂದು ಜನ ಅಂದದ್ದುಂಟು. ತನಿಖೆ ಹೇಳಿದ್ದು ಬೇರೆ: ವಿಮಾನ ಸರಿಯಾದ ಎತ್ತರದಲ್ಲಿ ಬರುತ್ತಿರಲಿಲ್ಲ, ಸಹ ಪೈಲಟ್ ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಎಚ್ಚರಿಸಿದರೂ ಕ್ಯಾಪ್ಟನ್ ಇಳಿಸಿದರು. ಆದ್ದರಿಂದ ಬಜ್ಪೆಯ ಗುಡ್ಡದ ಮೇಲೆ ಮಳೆ ಮೋಡ ಕವಿದಾಗ ನಿಮ್ಮ ವಿಮಾನ ನೆಲದ ಸಮೀಪ ಬಂದು ಮತ್ತೆ ಮೇಲೆದ್ದರೆ, ಅಥವಾ ಬೆಂಗಳೂರಿಗೋ ಕೊಚ್ಚಿಗೋ ತಿರುಗಿದರೆ, ಸಿಡುಕಬೇಡಿ. ಪೈಲಟ್ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದಾನೆ.

ಪರಿಹಾರದ ವಿಷಯದಲ್ಲಿಯೂ ಕಾನೂನು ಟಿಕೆಟ್ ದರ ನೋಡುವುದಿಲ್ಲ. ಭಾರತ 2009ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿತ್ತು. ಅದರ ಪ್ರಕಾರ ಅಪಘಾತದಲ್ಲಿ ಒಂದು ಮಿತಿಯವರೆಗಿನ ಪರಿಹಾರಕ್ಕೆ ಕಂಪನಿಯ ತಪ್ಪನ್ನು ಸಾಧಿಸಿ ತೋರಿಸಬೇಕಾಗಿಲ್ಲ. ಆದರೂ ಮಂಗಳೂರಿನ ಸಂತ್ರಸ್ತರು ವರ್ಷಗಟ್ಟಲೆ ನ್ಯಾಯಾಲಯ ಅಲೆದರು. ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ಎಂದು ಸುಪ್ರೀಂ ಕೋರ್ಟ್ ತೀರ್ಪು ನೀಡುವಾಗ 2020 ಬಂದಿತ್ತು. ಇದು ನನಗೆ ಇಂದಿಗೂ ಸಮಾಧಾನ ತರುವ ಸಂಗತಿಯಲ್ಲ.

ಅದೇ ಒಪ್ಪಂದ ಲಗೇಜಿಗೂ ಅನ್ವಯಿಸುತ್ತದೆ. ಪೆಟ್ಟಿಗೆ ಒಡೆದು ಬಂದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಸೇರಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಬೋರ್ಡಿಂಗ್ ಪಾಸಿನ ತುಂಡು, ಲಗೇಜಿನ ಚೀಟಿ ಮನೆ ಸೇರಿದ ಕೂಡಲೇ ಎಸೆಯದೆ ಪಾಸ್‌ಪೋರ್ಟಿನೊಳಗೇ ಇಟ್ಟುಕೊಳ್ಳಿ.