ಸಿರಸಂಗಿ ಸೀಮೆಯಲ್ಲಿ ಕೊಲೆಯ ಕಾನೂನಿನ ಓದು

ಕಾಳಮ್ಮನ ಗುಡಿಗೂ ದೇಸಾಯರ ವಾಡೆಗೂ ಹೆಸರಾದ ಸಿರಸಂಗಿ ಇಂದಿನ ಸವದತ್ತಿ ತಾಲೂಕಿನಲ್ಲಿದೆ. ಈ ತಾಲೂಕಿಗೆ ಹಿಂದೆ ಪರಸಗಡ ಎಂಬ ಹೆಸರಿತ್ತು. 1818ರಲ್ಲಿ ಪೇಶ್ವೆಗಳ ಆಡಳಿತ ಮುಗಿದ ಮೇಲೆ ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದು ಮುಂಬಯಿ ಪ್ರಾಂತಕ್ಕೆ ಸೇರಿತು. ಬೆಳಗಾವಿ ಬೇರೆ ಜಿಲ್ಲೆಯಾದದ್ದು 1836ರಲ್ಲಿ. ಹೀಗಾಗಿ ಇಲ್ಲಿ ನಡೆದ ಖೂನಿಗೆ ಯಾವ ಕಾನೂನು ಅನ್ವಯಿಸಬೇಕು ಎಂಬುದು ಮುಂಬಯಿಯಲ್ಲಿ ತೀರ್ಮಾನವಾಗುತ್ತಿತ್ತು. ಬಂಗಾಳದಲ್ಲಿ ಇಸ್ಲಾಮಿ ದಂಡನೀತಿಯನ್ನೇ ತಿದ್ದಿ ತೀಡಿ ಬಳಸುತ್ತಿದ್ದ ಕಾಲದಲ್ಲಿ ಮುಂಬಯಿ ಸರಕಾರ 1827ರ 14ನೆಯ ರೆಗ್ಯುಲೇಶನ್ ಮೂಲಕ ತನ್ನದೇ ಆದ ಅಪರಾಧ ಸಂಹಿತೆಯೊಂದನ್ನು ಮಾಡಿಕೊಂಡಿತ್ತು. ಎಲ್ಲ ಪ್ರಾಂತಗಳಿಗೂ ಒಂದೇ ಕಾನೂನಾಗಿ ಬಂದದ್ದು ಭಾರತೀಯ ದಂಡ ಸಂಹಿತೆ. ಮೆಕಾಲೆ ಅಧ್ಯಕ್ಷತೆಯ ಕಾನೂನು ಆಯೋಗ ಅದರ ಕರಡನ್ನು 1837ರಲ್ಲೇ ಒಪ್ಪಿಸಿತ್ತು. ಅದು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಡತದಲ್ಲಿದ್ದು, ಬಾರ್ನ್ಸ್ ಪೀಕಾಕ್ ಕೈಯಲ್ಲಿ ಪರಿಷ್ಕಾರಗೊಂಡು, 1860ರಲ್ಲಿ ಅಂಗೀಕಾರವಾಗಿ 1862ರ ಜನವರಿ 1ರಿಂದ ಜಾರಿಗೆ ಬಂತು.

ಇಂಗ್ಲೆಂಡಿನ ವಕೀಲರು ಕೊಲೆಯನ್ನು ‘ಪೂರ್ವದ್ವೇಷ’ವೆಂಬ ಹಳೆಯ ಮಾತಿನಿಂದ ಅಳೆಯುತ್ತಿದ್ದರು. ಸಂಹಿತೆ ಬರೆದವರು ಅದನ್ನು ಕೈಬಿಟ್ಟು, ಸಾವು ತಂದವನ ಉದ್ದೇಶ ಏನಿತ್ತು, ಅವನಿಗೆ ಏನು ಗೊತ್ತಿತ್ತು ಎಂದು ಕೇಳಿದರು. 299ನೆಯ ಕಲಂ ದಂಡನೀಯ ನರಹತ್ಯೆಯನ್ನು ಹೇಳುತ್ತದೆ: ಸಾಯಿಸುವ ಉದ್ದೇಶದಿಂದಲೋ, ಸಾವು ಸಂಭವಿಸಬಹುದಾದ ಗಾಯ ಮಾಡುವ ಉದ್ದೇಶದಿಂದಲೋ, ತನ್ನ ಕೃತ್ಯದಿಂದ ಸಾವು ಸಂಭವಿಸಬಹುದೆಂದು ತಿಳಿದೋ ಸಾವು ತರುವುದು. ಅದು ಯಾವಾಗ ಕೊಲೆ ಎನಿಸುತ್ತದೆ ಎಂಬುದನ್ನು 300ನೆಯ ಕಲಂ ನಾಲ್ಕು ಖಂಡಗಳಲ್ಲಿ ಹೇಳಿ, ಕೊನೆಗೆ ಐದು ವಿನಾಯಿತಿಗಳನ್ನು ಕೊಡುತ್ತದೆ. ತೀವ್ರವೂ ಹಠಾತ್ತೂ ಆದ ಪ್ರಚೋದನೆ, ಆತ್ಮರಕ್ಷಣೆಯ ಹಕ್ಕನ್ನು ಮೀರುವುದು, ಸರಕಾರಿ ನೌಕರ ತನ್ನ ಅಧಿಕಾರ ಮೀರುವುದು, ಹಠಾತ್ ಜಗಳ, ಹದಿನೆಂಟು ದಾಟಿದವನ ಸಮ್ಮತಿ: ಇವು ಆ ಐದು. ಕಲಮುಗಳ ಒಕ್ಕಣೆಗಿಂತ ಅವುಗಳ ಕೆಳಗಿನ ದೃಷ್ಟಾಂತಗಳೇ ವಿದ್ಯಾರ್ಥಿಯ ನೆನಪಿನಲ್ಲಿ ಉಳಿಯುತ್ತವೆ. ಒಬ್ಬ ಸಾವು ತರುವ ಉದ್ದೇಶದಿಂದಲೇ ಗುಂಡಿಯ ಮೇಲೆ ಕಡ್ಡಿ ಹಾಸಿ ಹುಲ್ಲುಹೆಂಟೆ ಮುಚ್ಚುತ್ತಾನೆ. ಗಟ್ಟಿ ನೆಲವೆಂದು ನಂಬಿ ಕಾಲಿಟ್ಟವನು ಬಿದ್ದು ಸಾಯುತ್ತಾನೆ. ಇನ್ನೊಬ್ಬ ಕೋಳಿ ಕದಿಯಲೆಂದು ಅದಕ್ಕೆ ಗುಂಡು ಹಾರಿಸಿ, ಪೊದೆಯ ಹಿಂದೆ ಇದ್ದಾನೆಂದೇ ಗೊತ್ತಿಲ್ಲದ ಮನುಷ್ಯನನ್ನು ಕೊಲ್ಲುತ್ತಾನೆ. ಮೊದಲನೆಯವನು ನರಹತ್ಯೆಯ ಅಪರಾಧಿ, ಎರಡನೆಯವನು ಅಲ್ಲ.

ಈ ಎರಡು ಕಲಮುಗಳ ಗಡಿ ಎಲ್ಲಿ ಎಂಬುದು ಮೊದಲಿನಿಂದಲೂ ತಕರಾರಿನ ವಿಷಯ. ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್‌ರಂಥ ಪಂಡಿತರೇ ಇಡೀ ಸಂಹಿತೆಯಲ್ಲಿ ಅತ್ಯಂತ ದುರ್ಬಲವಾದ ಭಾಗ ಇದೇ ಎಂದರು. 299ರ ‘ಸಾವು ಸಂಭವಿಸಬಹುದಾದ’ ಗಾಯಕ್ಕೂ 300ರ ಮೂರನೆಯ ಖಂಡದ ‘ಸಹಜ ಕ್ರಮದಲ್ಲಿ ಸಾವು ತರಲು ಸಾಕಾಗುವ’ ಗಾಯಕ್ಕೂ ನಡುವಿನ ಅಂತರ ಕೂದಲೆಳೆಯಷ್ಟು. ಆರೋಪಿಯ ಕುತ್ತಿಗೆ ಉಳಿಯುವುದು ಅದರ ಮೇಲೆಯೇ. ಆ ಗೆರೆಯನ್ನು ಮೊದಲು ಸ್ಪಷ್ಟವಾಗಿ ಎಳೆದದ್ದು ಬೆಳಗಾವಿಯ ಮೇಲ್ಮನವಿಗಳೂ ಹೋಗುತ್ತಿದ್ದ ಮುಂಬಯಿ ಹೈಕೋರ್ಟು, 1876ರ ಗೋವಿಂದ ಪ್ರಕರಣದಲ್ಲಿ. ಹದಿನೆಂಟರ ಗಂಡ ಹದಿನೈದರ ಆಸುಪಾಸಿನ ಹೆಂಡತಿಯನ್ನು ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಮುಷ್ಟಿಯಿಂದ ಮುಖಕ್ಕೆ ಎರಡು ಮೂರು ಸಲ ಗುದ್ದಿದ್ದ. ಮಿದುಳಿನಲ್ಲಿ ರಕ್ತಸ್ರಾವವಾಗಿ ಆಕೆ ಸತ್ತಳು. ನ್ಯಾಯಮೂರ್ತಿ ಮೆಲ್ವಿಲ್ ಎರಡೂ ಕಲಮುಗಳನ್ನು ಅಕ್ಕಪಕ್ಕ ಇಟ್ಟು ಖಂಡಖಂಡವಾಗಿ ಹೋಲಿಸಿ, ಇದು ನರಹತ್ಯೆ, ಕೊಲೆಯಲ್ಲ ಎಂದರು. ಅಂದಿನಿಂದ ಇಂದಿನವರೆಗೆ ಕಾನೂನು ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ ಈ ಹೆಸರು ತಪ್ಪಿದ್ದಿಲ್ಲ. ಸತ್ತ ಹುಡುಗಿಯ ಹೆಸರನ್ನು ಮಾತ್ರ ಯಾವ ಗೈಡೂ ಹೇಳುವುದಿಲ್ಲ.

ಇಷ್ಟನ್ನು ಓದಬೇಕೆಂದರೆ ಸಿರಸಂಗಿ, ಬೈಲಹೊಂಗಲ, ರಾಮದುರ್ಗದ ಕಡೆಯ ಹುಡುಗ ಊರು ಬಿಡಲೇಬೇಕಿತ್ತು. ಮುಂಬಯಿಯ ಸರಕಾರಿ ಕಾನೂನು ಶಾಲೆ 1855ರದು, ಪುಣೆಯ ಕಾನೂನು ಕಾಲೇಜು 1924ರದು. ಆಮೇಲೆ ಕೊಲ್ಹಾಪುರದಲ್ಲೂ ಕಾಲೇಜಾಯಿತು. ಜಮಖಂಡಿಯ ವಕೀಲರಾಗಿ ಮುಂದೆ ಉಪರಾಷ್ಟ್ರಪತಿಯಾದ ಬಿ.ಡಿ. ಜತ್ತಿಯವರು ಕಾನೂನು ಓದಿದ್ದು ಅಲ್ಲಿ. ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು ಪುಣೆಗೆ ಹೋದರು. ಪದವಿಯ ಗೋಜಿಗೆ ಹೋಗದೆ ಪ್ಲೀಡರ್ ಪರೀಕ್ಷೆ ಪಾಸು ಮಾಡಿ ಕೋಟು ತೊಟ್ಟವರೂ ಇದ್ದರು. ದಾರಿ ಯಾವುದಾದರೂ ಓದು ಇಂಗ್ಲಿಷಿನಲ್ಲಿ, ವಾಸ ಪರಊರಿನಲ್ಲಿ, ಖರ್ಚು ಕೈಮೀರಿದ್ದು. ಒಕ್ಕಲುತನದ ಮನೆಗಳಿಗೆ ಅದು ಎಟುಕುವ ಮಾತಾಗಿರಲಿಲ್ಲ.

ಸಿರಸಂಗಿಯ ಹೆಸರು ಈ ಕಥೆಯೊಳಗೆ ಬರುವುದು ಇಲ್ಲಿಯೇ. 1861ರಲ್ಲಿ ಹುಟ್ಟಿ ದೇಸಗತಿಯ ಮನೆಗೆ ದತ್ತಕ ಬಂದ ಲಿಂಗರಾಜ ದೇಸಾಯರು 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರಾಗಿದ್ದರು. 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವೀರಶೈವ ಸಮಾಜದ ಮಕ್ಕಳ ಶಿಕ್ಷಣಕ್ಕೆ ಬಿಟ್ಟರು. ಆ ಆಸ್ತಿಯ ಸಿರಸಂಗಿ–ನವಲಗುಂದ ಟ್ರಸ್ಟಿನ ನೆರವಿನಿಂದ ಹೊರಊರುಗಳ ಕಾಲೇಜಿಗೆ ಹೋಗುವುದು ಬಡ ವಿದ್ಯಾರ್ಥಿಗೂ ಸಾಧ್ಯವಾಯಿತು. ಆ ನೆರವು ಒಂದು ಸಮಾಜಕ್ಕೆ ಮೀಸಲಾಗಿತ್ತೆಂಬುದೂ ನಿಜ. ಉಳಿದ ಜಾತಿಗಳ ಬಡ ಹುಡುಗರಿಗೆ ಅಂಥ ದೇಸಾಯರು ಸಿಗಲಿಲ್ಲ.

1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆ 1933ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟಿತು. ಆರು ವರ್ಷದ ನಂತರ, 1939ರಲ್ಲಿ, ಕರ್ನಾಟಕ ಲಾ ಸೊಸೈಟಿ ಅದೇ ಊರಿನಲ್ಲಿ ಕಾನೂನು ಕಾಲೇಜು ಆರಂಭಿಸಿತು. ಅದಕ್ಕೆ ವಂಟಮುರಿಯ ಸರದೇಸಾಯರಾದ ರಾಜಾ ಲಖಮಗೌಡರ ಹೆಸರು. ಭಾರತದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯನವರು ಓದಿದ ಕಾಲೇಜುಗಳಲ್ಲಿ ಇದೂ ಒಂದು. ಸವದತ್ತಿ ಕಡೆಯ ವಿದ್ಯಾರ್ಥಿಗೆ ಕಾನೂನು ಪದವಿ ತನ್ನ ಜಿಲ್ಲೆಯೊಳಗೇ ಸಿಗುವಂತಾದದ್ದು ಆಗ. ಪರೀಕ್ಷೆ ಮೊದಲು ಮುಂಬಯಿ ವಿಶ್ವವಿದ್ಯಾಲಯದ್ದು, ಬಳಿಕ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು, 2009ರಿಂದ ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ್ದು.

ವಿಶ್ವವಿದ್ಯಾಲಯ ಬದಲಾದರೂ ಪ್ರಶ್ನೆ ಬದಲಾಗಲಿಲ್ಲ. ನರಹತ್ಯೆಗೂ ಕೊಲೆಗೂ ಇರುವ ವ್ಯತ್ಯಾಸ ಬರೆಯಿರಿ ಎಂಬುದು ಅಪರಾಧ ಕಾನೂನಿನ ಪತ್ರಿಕೆಯ ಕಾಯಂ ಗಿರಾಕಿ. ಅದರ ಜೊತೆಗೆ ಒಂದು ಸಮಸ್ಯೆ ಬರುವುದುಂಟು. ಹೊಲದ ಬದುವಿನ ಮೇಲೆ ಇಬ್ಬರಿಗೆ ಮಾತಿಗೆ ಮಾತು ಬೆಳೆಯುತ್ತದೆ; ಒಬ್ಬ ಕೈಗೆ ಸಿಕ್ಕ ಕೊಡಲಿಯಿಂದ ಇನ್ನೊಬ್ಬನ ತಲೆಗೆ ಒಂದೇ ಏಟು ಹಾಕುತ್ತಾನೆ; ಮೂರು ದಿನದ ಮೇಲೆ ಆತ ಸಾಯುತ್ತಾನೆ. ಅಂಕಕ್ಕಾಗಿ ಓದುವವನು ನಾಲ್ಕನೆಯ ವಿನಾಯಿತಿ ಎಂದು ಬರೆದು ಮುಗಿಸುತ್ತಾನೆ. ವಿಷಯ ಅರಿತವನು ಮೊದಲು 300ರ ಮೂರನೆಯ ಖಂಡಕ್ಕೆ ಹೋಗುತ್ತಾನೆ. ವಿರ್ಸಾ ಸಿಂಗ್ ಪ್ರಕರಣದಲ್ಲಿ (1958) ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿವಿಯನ್ ಬೋಸ್ ಹೇಳಿದಂತೆ, ಆ ಗಾಯವನ್ನೇ ಮಾಡುವ ಉದ್ದೇಶವಿತ್ತೆ ಎಂಬುದು ಒಂದು ಪ್ರಶ್ನೆ, ಆ ಗಾಯ ಸಾವಿಗೆ ಸಾಕಾಗುವಂಥದ್ದೆ ಎಂಬುದು ಬೇರೆ ಪ್ರಶ್ನೆ. ಎರಡನೆಯದಕ್ಕೂ ಆರೋಪಿಯ ಮನಸ್ಸಿಗೂ ಸಂಬಂಧವಿಲ್ಲ. ವಿನಾಯಿತಿಯ ಸರದಿ ಆಮೇಲೆ: ಜಗಳ ಹಠಾತ್ತಾಗಿ ಹುಟ್ಟಿತೆ, ಆರೋಪಿ ಅನುಚಿತ ಲಾಭ ಪಡೆದನೆ, ಕ್ರೂರವಾಗಿ ನಡೆದುಕೊಂಡನೆ. ಈ ಅನುಕ್ರಮವನ್ನು ಪುನ್ನಯ್ಯ ಪ್ರಕರಣದಲ್ಲಿ (1976) ನ್ಯಾಯಮೂರ್ತಿ ಸರ್ಕಾರಿಯಾ ಮೆಟ್ಟಿಲುಗಳಾಗಿ ಜೋಡಿಸಿಕೊಟ್ಟರು. ಸಾವಿಗೆ ಆರೋಪಿಯೇ ಕಾರಣನೆ, ಅದು ನರಹತ್ಯೆಯೆ, ಕೊಲೆಯೆ ಎಂದು ಒಂದೊಂದಾಗಿ ಕೇಳುವ ಕ್ರಮ ಅದು. ಗೋವಿಂದ ಪ್ರಕರಣದ ಹೋಲಿಕೆಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಈ ಕ್ರಮ ಕಲಿಯುವುದು ಲೇಸು. ಮೊದಲನೆಯ ವಿನಾಯಿತಿಯಾದ ಪ್ರಚೋದನೆಗೆ ಎಲ್ಲರೂ ಬರೆಯುವುದು 1961ರ ನಾನಾವತಿ ತೀರ್ಪನ್ನೇ; ಸಿನಿಮಾದಿಂದ ಅದು ಹೇಗೂ ಪರಿಚಿತ.

ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ತಲೆಯ ಮೇಲೊಂದು ಸೂಚನೆ ಇರುತ್ತದೆ: ಉತ್ತರ ಪೂರ್ತಿ ಇಂಗ್ಲಿಷಿನಲ್ಲಿರಬೇಕು, ಇಲ್ಲವೇ ಪೂರ್ತಿ ಕನ್ನಡದಲ್ಲಿರಬೇಕು. ಸಾಕ್ಷಿಗಳು ಕಟಕಟೆಯಲ್ಲಿ ಆಡುವ ಭಾಷೆಯಲ್ಲೇ ಕೊಲೆಯ ವ್ಯಾಖ್ಯೆ ಬರೆಯಲು ಇದರಿಂದ ಅವಕಾಶವಾಗಿದೆ. ತೀರ್ಪುಗಳ ಸಂಪುಟಗಳು ಮಾತ್ರ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಇವೆ.

2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು 299 ಹೋಗಿ 100 ಆಯಿತು, 300 ಹೋಗಿ 101 ಆಯಿತು. ಕೊಲೆಗೆ 302ನೆಯ ಕಲಂ ಹೇಳಿದ್ದ ಶಿಕ್ಷೆ 103ಕ್ಕೆ ಬಂತು. ಜಾತಿ, ಭಾಷೆ ಮುಂತಾದ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಗುಂಪಾಗಿ ಮಾಡುವ ಕೊಲೆಗೆ ಅದರಲ್ಲಿ ಪ್ರತ್ಯೇಕ ಉಪಕಲಂ ಸೇರಿದೆ. ವ್ಯಾಖ್ಯೆಯ ತಿರುಳು, ನಾಲ್ಕು ಖಂಡ, ಐದು ವಿನಾಯಿತಿ ಇದ್ದಂತೆಯೇ ಇವೆ. ಆ ತಾರೀಖಿಗಿಂತ ಮೊದಲು ನಡೆದ ಕೃತ್ಯಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುವುದರಿಂದ, ಬೆಳಗಾವಿಯ ಸೆಶನ್ಸ್ ಕೋರ್ಟಿನಿಂದ ಹೈಕೋರ್ಟಿನ ಧಾರವಾಡ ಪೀಠದವರೆಗೆ ಎರಡೂ ಸಂಖ್ಯೆಗಳು ಚಲಾವಣೆಯಲ್ಲಿವೆ, ವಿದ್ಯಾರ್ಥಿಗಳು ಎರಡನ್ನೂ ಕಲಿಯುತ್ತಾರೆ.