ಲೇಪಾಕ್ಷಿಯ ಚಿತ್ರಗಳಲ್ಲಿ ಮನೆ ಮತ್ತು ಒಲವು

ಮದುವೆಯಾದ ಹೆಣ್ಣನ್ನು ನಮ್ಮವರು ಮನೆ ತುಂಬಿಸಿಕೊಳ್ಳುತ್ತಾರೆ. ಪತಿಯ ಹೆಸರನ್ನು ಬಾಯಲ್ಲಿ ತರಲೊಲ್ಲದ ಗೃಹಿಣಿ ಅವನನ್ನು 'ಮನೆಯವರು' ಎನ್ನುತ್ತಾಳೆ. ಅವನೂ ಆಕೆಯನ್ನು ಕುರಿತು ಅದೇ ಮಾತನ್ನಾಡುತ್ತಾನೆ. ಒಂದು ಭಾವವು ಹೃದಯದಲ್ಲಿ ನೆಲೆಗೊಂಡರೆ ಅದು ಅಲ್ಲಿ 'ಮನೆಮಾಡಿತು' ಎನ್ನುವುದುಂಟು. ಕಲ್ಲು, ಮಣ್ಣು, ತೊಲೆಗಳ ಕಟ್ಟಡವು ನಮ್ಮ ನುಡಿಯಲ್ಲಿ ಹೀಗೆ ಒಲವಿಗೆ ಇನ್ನೊಂದು ಹೆಸರಾಗಿದೆ. ಇದೇ ಮಾತನ್ನು ಚಿತ್ರಕಾರನು ಬಣ್ಣದಲ್ಲಿ ಹೇಗೆ ಹೇಳಿದನೆಂಬುದನ್ನು ಅರಿಯಲು ಪೆನ್ನೆಯ ದಡದ ರೊದ್ದಂ ಪ್ರಾಂತದವರಾದ ನಾವು ಬಹುದೂರ ಹೋಗಬೇಕಾಗಿಲ್ಲ. ಹಿಂದೂಪುರದಿಂದ ಪೂರ್ವಕ್ಕೆ ಸುಮಾರು 15 ಕಿಲೋಮೀಟರು ಹೋದರೆ ಲೇಪಾಕ್ಷಿ.

ಆಮೆಯ ಬೆನ್ನಿನಂತಿರುವ ಬಂಡೆಯ ಮೇಲೆ, ಕೂರ್ಮಶೈಲದಲ್ಲಿ, ವೀರಭದ್ರಸ್ವಾಮಿಯ ಗುಡಿಯಿದೆ. ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ (1529–1542) ಪೆನುಕೊಂಡೆಯ ಅಧಿಕಾರಿಗಳಾಗಿದ್ದ ವಿರುಪಣ್ಣ, ವೀರಣ್ಣ ಎಂಬ ಸೋದರರು ಇದನ್ನು ಕಟ್ಟಿಸಿದರು. ಇಲ್ಲಿಯ ಶಾಸನಗಳಲ್ಲಿ ಅನೇಕವು ಕನ್ನಡದವು. 1953ರಲ್ಲಿ ಆಂಧ್ರ ರಾಜ್ಯವಾದಾಗ ಈ ನೆಲ ಆ ರಾಜ್ಯದ ಭಾಗವಾಯಿತು. ಬಂಡೆಯ ಮೇಲಣ ಅಕ್ಷರಗಳು ಮಾತ್ರ ಇದ್ದಲ್ಲಿಯೇ ಇವೆ. ನಮ್ಮ ವಿದ್ಯಾರ್ಥಿಗಳು ಅವುಗಳ ಮುಂದೆ ಒಂದು ಗಳಿಗೆ ನಿಲ್ಲುವುದು ಒಳ್ಳೆಯದು.

ವೀರಭದ್ರನೇ ಇಲ್ಲಿಯ ಅಧಿದೈವವೆಂಬುದನ್ನು ಮರೆತರೆ ಚಿತ್ರಗಳ ಅರ್ಥ ಅರ್ಧವೇ ದೊರೆಯುತ್ತದೆ. ದಕ್ಷನು ಯಜ್ಞಮಾಡಿದನು, ಮಗಳನ್ನು ಕರೆಯಲಿಲ್ಲ. ತವರೆಂಬ ಮೋಹದಿಂದ ಕರೆಯದೆಯೇ ಹೋದ ಸತಿಗೆ ಅಲ್ಲಿ ಅವಮಾನವಾಯಿತು. ಆಕೆ ಆ ಸಭೆಯಲ್ಲಿಯೇ ದೇಹವನ್ನು ತ್ಯಜಿಸಿದಳು. ಆ ದುಃಖದಿಂದ, ಆ ಕೋಪದಿಂದ ಹುಟ್ಟಿದವನು ವೀರಭದ್ರ. ಮಗಳಿಗೆ ಎಡೆಯಿಲ್ಲದ ಮನೆಯನ್ನು ಅವನು ಉಳಿಯಗೊಡಲಿಲ್ಲ. ಅರ್ಧಮಂಟಪದ ಛತ್ತಿನಲ್ಲಿ ಸುಮಾರು 24 ಅಡಿ ಉದ್ದಕ್ಕೆ ಹರಡಿರುವ ಅವನ ಚಿತ್ರವನ್ನು ನೋಡಿದವರು ಅದರ ಗಾತ್ರವನ್ನೇ ಹೊಗಳುತ್ತಾರೆ. ನಮಗಾದರೋ ಅದು ಮುರಿದುಹೋದ ತವರೊಂದರ ನೆನಪಾಗಿ ತೋರುತ್ತದೆ.

ಹೊರಗಣ ನಾಟ್ಯಮಂಟಪಕ್ಕೆ ಬಂದು ತಲೆಯೆತ್ತಿದರೆ ಅದೇ ಸತಿ ಮರುಹುಟ್ಟಿನಲ್ಲಿ ಗಿರಿಜೆಯಾಗಿದ್ದಾಳೆ. ಇಲ್ಲಿರುವುದು ಗಿರಿಜಾಕಲ್ಯಾಣ. ಈಗ ಮಗಳ ಮದುವೆಯನ್ನು ನಡೆಸುತ್ತಿರುವ ತಂದೆ ಹಿಮವಂತ. ವರನೋ ಸ್ಮಶಾನವಾಸಿ, ಸೂರಿಲ್ಲದವನು. ಇಂಥವನಿಗೆ ಮನೆಯೊಂದನ್ನು ಕೊಡಬೇಕಾದ ಕಾರ್ಯವು ಚಿತ್ರಕಾರನ ಪಾಲಿಗೆ ಬಂದಿತು. ಕರಿಕಲ್ಲಿನ ಹಾಸಿಗೆ ಸುಣ್ಣದ ಗಾರೆ ಹಚ್ಚಿ, ಕಾವಿ, ಹಳದಿ, ಹಸುರು, ಕಪ್ಪುಗಳಿಂದ ಅವನು ಬರೆದನು. ವಿಜಯನಗರದ ಚಿತ್ರಕಾರರಿಗೆ ಮನೆಯೆಂದರೆ ಕಂಬಗಳೆರಡು, ಮೇಲೊಂದು ಕಮಾನು, ಅಷ್ಟೇ. ಒಳಗೆ ಮಂಚವಿಲ್ಲ, ದೀಪವಿಲ್ಲ, ಪಾತ್ರೆಪದಾರ್ಥಗಳಿಲ್ಲ. ಆದರೆ ಒಂದು ಸೂರಿನ ಕೆಳಗೆ ನಿಂತವರು ಒಬ್ಬರಿಗೊಬ್ಬರು ಸೇರಿದವರೆಂಬುದು ನೋಡಿದೊಡನೆ ತಿಳಿಯುತ್ತದೆ. ಸಾಲಾಗಿ ನಿಂತ ಸ್ತ್ರೀಯರ ಸೀರೆಗಳ ಚಿತ್ತಾರವನ್ನು ನೇಕಾರರು ಇಂದಿಗೂ ಅನುಕರಿಸುತ್ತಾರೆ. ಅದು ಬೇರೆಯೇ ಒಂದು ಲೇಖನದ ವಿಷಯ.

ಇದಕ್ಕೆ ಒಂದು ಶತಮಾನ ಮೊದಲು, 1434ರಲ್ಲಿ, ಯೂರೋಪಿನ ಯಾನ್ ವಾನ್ ಐಕನು ದಂಪತಿಗಳದೆಂದು ಪ್ರಸಿದ್ಧವಾದ ಒಂದು ಚಿತ್ರವನ್ನು ಬರೆದನು, ಅದೀಗ ಲಂಡನ್ನಿನಲ್ಲಿದೆ. ಕೆಂಪು ತೆರೆಯ ಮಂಚ, ಕಳಚಿಟ್ಟ ಪಾದರಕ್ಷೆ, ಕಾಲ ಬಳಿ ನಾಯಿಮರಿ, ಗೋಡೆಯ ಮೇಲೆ ದುಂಡುಕನ್ನಡಿ: ಅಲ್ಲಿ ಒಲವನ್ನು ಸಾರುವುದು ಮನೆಯೊಳಗಿನ ವಸ್ತುಗಳು. ನಮ್ಮಲ್ಲಿ ಬರಿಯ ಸೂರೇ ಸಾಕಾಯಿತು. ಯಾವುದು ಮೇಲೆಂದು ನಾವು ವಾದಿಸುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಣ ದೀವರ ಸ್ತ್ರೀಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರು ಚಿತ್ರದಲ್ಲಿ ಮನೆಯನ್ನು ಬರೆಯುವುದಷ್ಟೇ ಅಲ್ಲ, ಮನೆಯ ಮೇಲೆಯೇ ಚಿತ್ರವನ್ನು ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿಹಿಟ್ಟಿನ ಬಿಳುಪಿನಿಂದ, ಪುಂಡಿನಾರಿನ ಕುಂಚದಿಂದ ಹಸೆಚಿತ್ತಾರವನ್ನು ಎಳೆದು, ಅದರ ಮುಂದೆ ಮದುಮಕ್ಕಳನ್ನು ಕೂರಿಸುತ್ತಾರೆ.

ಲೇಪಾಕ್ಷಿಯ ಛತ್ತಿನಲ್ಲಿ ಮನುನೀತಿ ಚೋಳನ ಕಥೆಯೂ ಇದೆ. ರಾಜಕುಮಾರನ ರಥದಡಿ ಸಿಕ್ಕಿ ಕರು ಸತ್ತಿತು. ತಾಯಿಹಸು ಅರಮನೆಯ ಬಾಗಿಲಿಗೆ ಬಂದು ನ್ಯಾಯದ ಗಂಟೆಯನ್ನು ಎಳೆಯಿತು. ದೊರೆ ತನ್ನ ಮಗನಿಗೂ ಅದೇ ಗತಿಯನ್ನು ವಿಧಿಸಿದನು. ಅರಮನೆಯ ಒಳಗಿನ ಮಮತೆಯೂ ಹೊರಗಿನ ಮಮತೆಯೂ ಒಂದೇ ತೂಕದವೆಂದು ಒಪ್ಪಿಕೊಂಡ ಬಾಗಿಲದು. ಇನ್ನೊಂದೆಡೆ ಶಿಶುಕೃಷ್ಣನು ಆಲದೆಲೆಯ ಮೇಲೆ ಮಲಗಿದ್ದಾನೆ. ಪ್ರಳಯಜಲದಲ್ಲಿ ಮನೆಯೆಲ್ಲಿ? ಎಲೆಯೇ ಅವನಿಗೆ ತೊಟ್ಟಿಲು.

ಈ ಚಿತ್ರಗಳ ಬಹುಭಾಗ ಮಾಸಿದೆ. ಮೇಲಿನಿಂದ ಮಳೆನೀರು ಜಿನುಗಿ ಗಾರೆ ಉದುರಿದೆ; ಕೆಲವೆಡೆ ಮುಖವಿದ್ದರೆ ಕೈಯಿಲ್ಲ, ಕಂಬವಿದ್ದರೆ ಅದರಡಿ ಜನರಿಲ್ಲ. 2022ರಲ್ಲಿ ಈ ಗುಡಿಯು ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಉಪಾಧ್ಯಾಯರು ಮಕ್ಕಳನ್ನು ಕರೆದೊಯ್ಯುವುದಾದರೆ ತಡಮಾಡಬಾರದು.

ಹಿಂದಣ ಅಂಗಳದಲ್ಲಿ ಕಲ್ಯಾಣಮಂಟಪವಿದೆ. ಶಿವಪಾರ್ವತಿಯರ ಮದುವೆಗೆಂದೇ ಕಡೆದ ಕಂಬಗಳು. ವಧೂವರರೂ ದೇವತೆಗಳೂ ಋಷಿಗಳೂ ಅವುಗಳಲ್ಲಿ ಬಂದು ನಿಂತಿದ್ದಾರೆ. ಕೆಲಸ ಅಲ್ಲಿಗೇ ನಿಂತಿತು. ರಾಜನ ಬೊಕ್ಕಸವನ್ನು ಗುಡಿಗೆ ಸುರಿದನೆಂಬ ಅಪವಾದ ಬಂದು, ವಿರುಪಣ್ಣನು ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನೆಂದು ಐತಿಹ್ಯ. ಗೋಡೆಯ ಕೆಂಪು ಗುರುತುಗಳನ್ನು ಈಗಲೂ ತೋರಿಸುತ್ತಾರೆ. ಇದನ್ನು ಇತಿಹಾಸವೆಂದು ತರಗತಿಯಲ್ಲಿ ಬೋಧಿಸಲು ನಾವು ಮುಂದಾಗುವುದಿಲ್ಲ. ಆದರೆ ಮಂಟಪ ಮುಗಿಯಲಿಲ್ಲವೆಂಬುದು ಕಣ್ಣಿಗೆ ಕಾಣುವ ಸತ್ಯ. ಅದಕ್ಕೆ ಛಾವಣಿಯಿಲ್ಲ. ಛತ್ತಿಲ್ಲದುದರಿಂದ ಅಲ್ಲಿ ಚಿತ್ರ ಬರೆಯಲು ಎಡೆಯೂ ಇರಲಿಲ್ಲ; ಬಣ್ಣದಲ್ಲಿ ಆ ಮದುವೆ ನಡೆದುದು ನಾಟ್ಯಮಂಟಪದ ಸೂರಿನಡಿಯಲ್ಲಿ.