“ನಿಮ್ಮನ್ನ ನೋಡಿದ್ರೆ ಗೊತ್ತೇ ಆಗಲ್ಲ”

ಮೊನ್ನೆ ಒಂದು ಕಾರ್ಯಕ್ರಮ ಮುಗಿಸಿ ಊಟಕ್ಕೆ ಕೂತಿದ್ದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಮೆಚ್ಚಿಕೊಂಡರು. “ಎಷ್ಟು ಸಭ್ಯವಾಗಿ ಮಾತಾಡ್ತೀರಿ, ನಿಮ್ಮನ್ನ ನೋಡಿದ್ರೆ ಗೊತ್ತೇ ಆಗಲ್ಲ” ಅಂದರು. ಏನು ಗೊತ್ತಾಗಲ್ಲ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆದ್ರೆ ಆ ‘ಸಭ್ಯ’ ಅನ್ನೋ ಪದ ಎರಡು ದಿನದಿಂದ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ಅದಕ್ಕೇ ಈ ಉದ್ದನೆಯ ಪೋಸ್ಟ್. ಪುರುಸೊತ್ತಿದ್ರೆ ಓದಿ.

ಸಭ್ಯ ಅಂದ್ರೆ ಸಭೆಗೆ ಯೋಗ್ಯನಾದವನು. ಪದದ ಹುಟ್ಟೇ ಅದು. ಸಭೆಯ ಬಾಗಿಲಲ್ಲೇ ತಡೆದವರನ್ನ ಆಮೇಲೆ ‘ಅಸಭ್ಯರು’ ಅನ್ನೋದು ಎಷ್ಟು ಸಲೀಸು ನೋಡಿ. ಇಂಗ್ಲಿಷಿನ ಜಂಟಲ್‌ಮನ್ ಕೂಡ ಬೇರೆಯೇನಲ್ಲ. ಅದರ ಬೇರು ಲ್ಯಾಟಿನ್ನಿನ ‘ಗೆನ್ಸ್’, ಅಂದ್ರೆ ಕುಲ. ಮೊದಲಿಗೆ ಜಂಟಲ್ ಅಂದ್ರೆ ಮೃದು ಅಂತಲ್ಲ, ಒಳ್ಳೇ ಕುಲದಲ್ಲಿ ಹುಟ್ಟಿದವನು ಅಂತ. ನಮ್ಮ ‘ಕುಲೀನ’ ಇದ್ದಾನಲ್ಲ, ಅವನೇ.

1530ರಲ್ಲಿ ಎರಾಸ್ಮಸ್ ಅನ್ನೋ ವಿದ್ವಾಂಸ ಹುಡುಗರ ನಡತೆ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಪುಟ್ಟ ಪುಸ್ತಕ ಬರೆದ. ಮೂಗನ್ನ ತೋಳಿಗೆ ಒರೆಸಬೇಡ, ಕರವಸ್ತ್ರ ಬಳಸು, ಬಡಿಸಿದ ಪಾತ್ರೆಗೆ ನೀನೇ ಮೊದಲು ಕೈ ಹಾಕಬೇಡ, ಇಂಥವೇ. ಬರೆದದ್ದು ರಾಜಮನೆತನದ ಒಬ್ಬ ಹುಡುಗನಿಗೆ. ಆದ್ರೆ ಹುಟ್ಟಿಸಿದವರನ್ನ, ಹುಟ್ಟಿದ ನಾಡನ್ನ ಯಾರೂ ಆರಿಸಿಕೊಳ್ಳಲಾಗದು, ನಡತೆಯನ್ನ ಮಾತ್ರ ಎಲ್ಲರೂ ರೂಪಿಸಿಕೊಳ್ಳಬಹುದು ಅನ್ನೋ ಮಾತನ್ನೂ ಅದರಲ್ಲಿ ಸೇರಿಸಿದ. ಎರಾಸ್ಮಸ್ ಸ್ವತಃ ಪಾದ್ರಿಯೊಬ್ಬರಿಗೆ ಮದುವೆಯಾಚೆ ಹುಟ್ಟಿದ ಮಗ. ಆ ಮಾತು ಸುಮ್ಮನೆ ಬಂದದ್ದಲ್ಲ ಅಂತ ನನಗನ್ನಿಸುತ್ತೆ.

ನಮ್ಮಲ್ಲಿ? ನಮಗೂ ನಡತೆಯ ಪಟ್ಟಿ ಬರೆದಿದ್ದಾರೆ ಸ್ವಾಮಿ. 1930ರ ಡಿಸೆಂಬರಿನಲ್ಲಿ ತಮಿಳುನಾಡಿನ ರಾಮನಾಡಿನಲ್ಲಿ ಕಳ್ಳರ್ ಜಾತಿಯವರು ಆದಿದ್ರಾವಿಡರಿಗೆ ಎಂಟು ನಿಷೇಧ ಹಾಕಿದರು. ಚಿನ್ನ ಬೆಳ್ಳಿ ತೊಡಬಾರದು. ಗಂಡಸರ ಬಟ್ಟೆ ಮೊಣಕಾಲಿನ ಕೆಳಗೆ, ಸೊಂಟದ ಮೇಲೆ ಹೋಗಬಾರದು. ಕೋಟು, ಅಂಗಿ, ಬನಿಯನ್ ಹಾಕಬಾರದು. ಕ್ರಾಪು ಬಿಡಬಾರದು. ಮನೆಯಲ್ಲಿ ಮಣ್ಣಿನ ಪಾತ್ರೆ ಬಿಟ್ಟು ಬೇರೆ ಇರಬಾರದು. ಹೆಂಗಸರು ಎದೆ ಮುಚ್ಚಬಾರದು, ಹೂ ಮುಡಿಯಬಾರದು. ಕೊಡೆ ಹಿಡಿಯಬಾರದು, ಚಪ್ಪಲಿ ಮೆಟ್ಟಬಾರದು. 1931ರ ಜನಗಣತಿಯ ಮುಖ್ಯಸ್ಥ ಹಟ್ಟನ್ ಇದನ್ನ ದಾಖಲಿಸಿದ್ದಾರೆ. ಯುರೋಪಿನ ಪುಸ್ತಕ ಹುಡುಗನಿಗೆ ಹೀಗೆ ಮೇಲೇರು ಅಂತಿತ್ತು. ಈ ಪಟ್ಟಿ ಹೀಗೆ ಕೆಳಗೇ ಇರು ಅಂತಿತ್ತು. ತಪ್ಪಿದ್ರೆ ಗುಡಿಸಲಿಗೆ ಬೆಂಕಿ.

ಚಪ್ಪಲಿ ಅಂದಾಗ ನೆನಪಾಯ್ತು. ಸಾಹೇಬರ ಮುಂದೆ ಪಾದರಕ್ಷೆ ಬಿಚ್ಚಬೇಕಾ ಅನ್ನೋದು ಬ್ರಿಟಿಷರ ಕಾಲದಲ್ಲಿ ದೊಡ್ಡ ಮಾನದ ಪ್ರಶ್ನೆ. 1854ರಲ್ಲಿ ಡಾಲ್‌ಹೌಸಿ ಸರ್ಕಾರ ಯುರೋಪಿನ ಮಾದರಿ ಬೂಟು ಹಾಕಿದ ದೇಶೀಯರಿಗೆ ವಿನಾಯಿತಿ ಕೊಟ್ಟಿತು. ಬೂಟಿನ ಮಾನ ಅಷ್ಟು ಚೆನ್ನಾಗಿ ಅರ್ಥವಾಗಿದ್ದ ಸಮಾಜ ತನ್ನ ಬೀದಿಯಲ್ಲಿ ನಮ್ಮವರ ಚಪ್ಪಲಿ ಬಿಚ್ಚಿಸ್ತಿತ್ತು. ನಮ್ಮಜ್ಜ ಮೇಲಿನ ಕೇರಿ ದಾಟೋವಾಗ ಚಪ್ಪಲಿ ಕಂಕುಳಲ್ಲಿ ಇಟ್ಕೊಳ್ತಿದ್ರಂತೆ. ಮಳೆಗಾಲದಲ್ಲೂ.

“ನೀವೂ ನೀಟಾಗಿರಿ, ಮರ್ಯಾದೆ ತಾನಾಗೇ ಬರುತ್ತೆ” ಅನ್ನೋರಿಗೆ 1901ರ ಒಂದು ಸಂಗತಿ. ಬಾಲಕ ಭೀಮರಾವ್ ಅಣ್ಣನ ಜೊತೆ, ಅಕ್ಕನ ಮಗನನ್ನೂ ಕರ್ಕೊಂಡು, ಕೆಲಸದ ಮೇಲಿದ್ದ ತಂದೆಯನ್ನ ನೋಡೋಕೆ ರೈಲಲ್ಲಿ ಮಸೂರಿಗೆ ಹೋಗ್ತಾರೆ. ಹೊಸ ಅಂಗಿ, ಹೊಳೆಯೋ ಟೋಪಿ, ರೇಷ್ಮೆ ಅಂಚಿನ ಪಂಚೆ, ಹೊಸ ಬೂಟು. ಬ್ರಾಹ್ಮಣರ ಮಕ್ಕಳು ಅಂದ್ಕೊಂಡ ಸ್ಟೇಷನ್ ಮಾಸ್ಟರ್ ಕನಿಕರದಿಂದ ವಿಚಾರಿಸ್ತಾರೆ. ಮಹಾರರು ಅಂತ ಹುಡುಗರು ಹೇಳಿದ್ದೇ ತಡ, ಮುಖವೇ ಬದಲಾಗುತ್ತೆ. ಗಾಡಿಯವರು ಯಾರೂ ಬರಲೊಲ್ಲರು. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೀಬೇಕು, ಗಾಡಿಯವನು ಪಕ್ಕದಲ್ಲಿ ನಡೀತಾನೆ. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬಾಬಾಸಾಹೇಬರೇ ಬರೆದಿದ್ದಾರೆ. ಬಟ್ಟೆ ಅದೇ, ವಿನಯ ಅದೇ. ಬದಲಾಗಿದ್ದು ಒಂದೇ ಪದ.

ಹಾಗಾದ್ರೆ ಬಾಬಾಸಾಹೇಬರು ಸೂಟು ಯಾಕೆ ಬಿಡಲಿಲ್ಲ? ಮೇಲ್ಜಾತಿಯ ಅನುಕರಣೆ ಅಂತ ನಮ್ಮ ಕೆಲ ಗೆಳೆಯರೂ ಗೊಣಗ್ತಾರೆ. ನಾನು ಒಪ್ಪಲ್ಲ. ಆ ಎಂಟು ನಿಷೇಧಗಳನ್ನ ಇನ್ನೊಮ್ಮೆ ಓದಿ, ಆಮೇಲೆ ಸೂಟು ನೋಡಿ. ಕಾನೂನು ಮುರಿದ ಹಾಗೆ ಕಾಣುತ್ತೆ.

1927ರ ಡಿಸೆಂಬರ್, ಮಹಾಡ್. ಮನುಸ್ಮೃತಿ ಸುಟ್ಟ ಅದೇ ಸಮ್ಮೇಳನದಲ್ಲಿ ಅವರು ಹೆಣ್ಣುಮಕ್ಕಳನ್ನ ಉದ್ದೇಶಿಸಿಯೂ ಮಾತಾಡಿದರು. ಮೊಣಕಾಲ ಮೇಲೆ ಸೀರೆ ಉಡೋದು, ಮೈಮೇಲಿನ ಅಗ್ಗದ ಲೋಹದ ಭಾರದ ಒಡವೆ, ಇವೆಲ್ಲ ನಿಮ್ಮನ್ನ ಗುರುತಿಸಲಿಕ್ಕೆ ಹಾಕಿದ ಮುದ್ರೆ, ತೆಗೆದುಹಾಕಿ ಅಂದರು. ಬಡತನದಲ್ಲಿ ಹೊಸ ಸೀರೆ ಎಲ್ಲಿಂದ ಬರಬೇಕು? ಬರಲಿಲ್ಲ. ಅವರು ಅದೇ ಹಳೇ ಸೀರೆಯನ್ನ ಬಿಚ್ಚಿ, ಪಾದ ಮುಚ್ಚೋ ಹಾಗೆ ಇಳಿಸಿ ಉಟ್ಟುಕೊಂಡು ಊರಿಗೆ ಹೊರಟರು.

ಜೈಭೀಮ್.